ಗಟ್ಟಿ ಕೈಯ ಆಸೆ, ನಗರ ಸೀಮೆಯ ನೆನಪು

ಹೊಳೆಹೊನ್ನೂರಿನ ಚಹಾದಂಗಡಿಯಲ್ಲಾಗಲಿ, ಭದ್ರಾವತಿಯ ಕಾರ್ಖಾನೆ ಗೇಟಿನ ಎದುರಾಗಲಿ, ರಾಜಕೀಯದ ಮಾತು ಸ್ವಲ್ಪ ಹೊತ್ತು ನಡೆದರೆ ಸಾಕು, ಒಂದು ತೀರ್ಪು ಬಂದೇ ಬರುತ್ತದೆ: "ಮಹಾರಾಜರ ಕಾಲವೇ ಚೆನ್ನಾಗಿತ್ತು. ನಮ್ಮ ಜನಕ್ಕೆ ಈ ಪ್ರಜಾಪ್ರಭುತ್ವ ಒಗ್ಗುವುದಿಲ್ಲ. ಗಟ್ಟಿ ಕೈಯವನೊಬ್ಬ ಬಂದರೆ ಮಾತ್ರ ದೇಶ ಸರಿಹೋಗುತ್ತದೆ." ಹೇಳುವವರು ಕೆಟ್ಟವರಲ್ಲ. ಕಂದಾಯ ಕಟ್ಟಿ, ಕಚೇರಿಗೆ ಅಲೆದು, ಬೇಸತ್ತವರು. ಅವರ ಬಳಿ ಸಾಕ್ಷಿಯೂ ಇದೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದದ್ದು ಮಹಾರಾಜರ ಆಳ್ವಿಕೆಯಲ್ಲಿ. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಹುಟ್ಟಿದ್ದೂ ಆಗಲೇ. ಓಟು ಹಾಕಿ ಆರಿಸಿದ ಸರ್ಕಾರಗಳ ಕಾಲದಲ್ಲಿ ಕಾಗದದ ಕಾರ್ಖಾನೆ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು ಮತ್ತೆ ಮತ್ತೆ ಬಂದಿತು. ಇದನ್ನು ಮುಂದಿಟ್ಟುಕೊಂಡು ಅವರು ಕೇಳುತ್ತಾರೆ: "ಯಾವುದು ಮೇಲು, ನೀವೇ ಹೇಳಿ."

ಆ ಪ್ರಶ್ನೆಗೆ ಉತ್ತರ ಕೊಡಬೇಕು. ನಕ್ಕು ತಳ್ಳಿಹಾಕುವಂಥದ್ದಲ್ಲ ಅದು. ನನ್ನ ಮಟ್ಟಿಗೆ ಉತ್ತರ ಇಷ್ಟು: ಹಳೆಯ ಮೈಸೂರಿನಲ್ಲಿ ಒಳ್ಳೆಯದು ಎಂದು ನಾವು ನೆನೆಯುವುದೆಲ್ಲ ಒಬ್ಬನ ಆಳ್ವಿಕೆಯ ಫಲವಲ್ಲ. ಆ ಒಬ್ಬನ ಕೈಯನ್ನು ಕಟ್ಟಿಹಾಕಿದ ಏರ್ಪಾಡುಗಳ ಫಲ. ಆ ಕಟ್ಟು ಬಿದ್ದದ್ದಕ್ಕೆ ಮೊದಲ ಕಾರಣ ಇದೇ ಸೀಮೆಯ ರೈತರ ಬಂಡಾಯ. ಇವತ್ತು ಕೆಟ್ಟಿರುವುದೂ ಪ್ರಜೆಗಳ ಆಳ್ವಿಕೆ ಹೆಚ್ಚಾಗಿ ಅಲ್ಲ; ಅದು ನಮ್ಮ ಮನೆ ಬಾಗಿಲವರೆಗೆ ಬಾರದೆ ಇರುವುದರಿಂದ.

ಶಾಲೆಯ ಪುಸ್ತಕದಲ್ಲಿ ಸರ್ಕಾರದ ಬಗೆಗಳನ್ನು ಉರು ಹೊಡೆಯಿಸುತ್ತಾರೆ: ರಾಜಪ್ರಭುತ್ವ, ಶ್ರೀಮಂತ ಪ್ರಭುತ್ವ, ಸರ್ವಾಧಿಕಾರ, ಪ್ರಜಾಪ್ರಭುತ್ವ. ಸಿಂಹಾಸನದಲ್ಲಿ ಯಾರು ಕೂತಿದ್ದಾರೆ ಎಂದು ನೋಡಿ ಹೆಸರಿಡುವ ಪದ್ಧತಿ ಇದು. ಇಂಥ ಪಟ್ಟಿಯ ಮೂಲದಲ್ಲಿರುವ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಎರಡು ಪ್ರಶ್ನೆ ಕೇಳಿದ್ದ. ಆಳುವವರು ಒಬ್ಬರೋ, ಕೆಲವರೋ, ಹಲವರೋ ಎಂಬುದು ಒಂದು. ಅವರು ಯಾರ ಹಿತಕ್ಕಾಗಿ ಆಳುತ್ತಾರೆ ಎಂಬುದು ಇನ್ನೊಂದು. ಪರೀಕ್ಷೆಗೆ ಬರುವುದು ಮೊದಲನೆಯದು ಮಾತ್ರ. ಹಾಗಾಗಿ ಹುಡುಗರ ತಲೆಯಲ್ಲಿ ಹೆಸರು ಉಳಿಯುತ್ತದೆ, ಆಡಳಿತ ನಡೆಯುವ ಬಗೆ ಉಳಿಯುವುದಿಲ್ಲ. ನಾರ್ವೆಯಲ್ಲಿ ಇವತ್ತಿಗೂ ರಾಜನಿದ್ದಾನೆ, ಜಪಾನಿನಲ್ಲಿ ಚಕ್ರವರ್ತಿಯಿದ್ದಾನೆ. ಉತ್ತರ ಕೊರಿಯಾ ತನ್ನನ್ನು ಪ್ರಜಾಸತ್ತಾತ್ಮಕ ಗಣರಾಜ್ಯ ಎಂದೇ ಕರೆದುಕೊಳ್ಳುತ್ತದೆ. ಹೆಸರು ನೋಡಿ ಯಾರಾದರೂ ಮನೆ ಬದಲಿಸುತ್ತಾರೆಯೇ? ಆಳುವವನು ತಪ್ಪಿದಾಗ ಆಳಿಸಿಕೊಳ್ಳುವವನಿಗೆ ಏನು ಮಾಡಲು ಸಾಧ್ಯ, ಖಜಾನೆಯ ಲೆಕ್ಕ ಯಾರೆದುರು ತೆರೆಯುತ್ತದೆ, ಕೇಳಿದವನು ಆ ರಾತ್ರಿ ಮನೆಯಲ್ಲಿ ನೆಮ್ಮದಿಯಿಂದ ಮಲಗಬಹುದೇ? ಸರ್ಕಾರವನ್ನು ಅಳೆಯಬೇಕಾದ ಕೋಲು ಇದು.

ಈ ಕೋಲು ಹಿಡಿದು 1830ಕ್ಕೆ ಹೋಗೋಣ. ಆಗ ಮೈಸೂರಿನಲ್ಲಿದ್ದದ್ದು ಅಪ್ಪಟ ಅರಸೊತ್ತಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷ್ ಕಂಪನಿ ಒಡೆಯರ ವಂಶದ ಬಾಲಕನನ್ನು ಪಟ್ಟಕ್ಕೆ ಕೂರಿಸಿ, ವರ್ಷಕ್ಕೆ 7 ಲಕ್ಷ ಪಗೋಡ ಪೊಗದಿಯ (ಕಪ್ಪದ) ಕರಾರು ಬರೆಸಿಕೊಂಡಿತು. ದಿವಾನ್ ಪೂರ್ಣಯ್ಯ 1811ರವರೆಗೆ ಆಳಿ, ತುಂಬಿದ ಖಜಾನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರು. ಆಮೇಲಿನ ಇಪ್ಪತ್ತು ವರ್ಷ ಅರಸರ ಸ್ವಂತ ಆಳ್ವಿಕೆ. ಅರಸರು ಕಲೆ, ಸಾಹಿತ್ಯಕ್ಕೆ ಕೊಟ್ಟ ಆಶ್ರಯವನ್ನು ಕನ್ನಡಿಗರು ಮರೆಯುವಂತಿಲ್ಲ. ಅವರು ಕ್ರೂರಿಯೂ ಅಲ್ಲ. ಆದರೆ ಅವರ ಹಿಂದಾಗಲಿ ಮುಂದಾಗಲಿ ಲೆಕ್ಕ ಕೇಳುವ ಒಂದು ಸಂಸ್ಥೆಯೂ ಇರಲಿಲ್ಲ. ಖಜಾನೆ ಬರಿದಾಗುತ್ತ ಬಂತು, ಕಂಪನಿಯ ಪೊಗದಿ ಮಾತ್ರ ನಿಲ್ಲುವಂತಿರಲಿಲ್ಲ. ಆ ಭಾರ ಇಳಿದದ್ದು ಎಲ್ಲಿಗೆ? ನಗರ ಫೌಜುದಾರಿಯಂಥ (ಇವತ್ತಿನ ಶಿವಮೊಗ್ಗದ ಸುತ್ತಿನ) ಸೀಮೆಗಳ ಹೊಲಗದ್ದೆಗೆ, ಅಡಿಕೆ ತೋಟಕ್ಕೆ.

ಆಗಿನ ಏರ್ಪಾಡಿಗೆ ಶರ್ತಿ ಎಂದು ಹೆಸರು. ಇಂತಿಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಮಳೆ ಬಂತೋ ಇಲ್ಲವೋ, ಬೆಳೆ ಕೈಗೆ ಹತ್ತಿತೋ ಇಲ್ಲವೋ ಎಂಬುದು ಆ ಕರಾರಿನಲ್ಲಿ ಬರುವುದಿಲ್ಲ. ಹೆಚ್ಚು ಬರೆದುಕೊಟ್ಟವನಿಗೆ ತಾಲ್ಲೂಕು. ತಾಲ್ಲೂಕು ಎಷ್ಟು ದಿನ ತನ್ನ ಕೈಯಲ್ಲಿರುತ್ತದೆ ಎಂದು ಅವನಿಗೇ ಗೊತ್ತಿಲ್ಲದ ಮೇಲೆ, ಸಿಕ್ಕಷ್ಟು ದಿನದಲ್ಲಿ ಹಿಂಡುವುದೇ ಅವನ ಕಸುಬು. ಇದರ ಮೇಲೆ ಚಿಲ್ಲರೆ ತೆರಿಗೆಗಳು. ಮುಂದೆ ಬ್ರಿಟಿಷ್ ಕಮಿಷನರ್ ಕಬ್ಬನ್ ಕಾಲದಲ್ಲಿ ಇಂಥ 769 ಬಾಬುಗಳು ರದ್ದಾದವು ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ನಗರದ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನೂ ತೆರಿಗೆ ಕೊಡಬೇಕಿತ್ತು. ಎಷ್ಟೋ ತೆರಿಗೆಗಳು ಒಡೆಯರು ಹಾಕಿದವಲ್ಲ, ಹಳೆಯ ಪಾಳೇಗಾರರ ಕಾಲದಿಂದ ಬಂದವು. ಆದರೂ ಅವೆಲ್ಲ ಸಂಸ್ಥಾನದ ಆದಾಯವೆಂದು ಲೆಕ್ಕದ ಪುಸ್ತಕದಲ್ಲಿ ಶಿಸ್ತಾಗಿ ಬರೆದಿದ್ದವು. ಒಂದನ್ನು ಹಾಕಲು ಯಾರನ್ನೂ ಕೇಳಬೇಕಾಗಿರಲಿಲ್ಲ. ತೆಗೆಯಿರಿ ಎಂದು ಹೇಳಲು ರೈತನಿಗೆ ಒಂದು ಜಾಗವೂ ಇರಲಿಲ್ಲ.

ಜಾಗವಿಲ್ಲದ ರೈತರು ತಾವೇ ಜಾಗ ಮಾಡಿಕೊಂಡರು. 1830ರ ಮಳೆಗಾಲದಲ್ಲಿ ನಗರ ಸೀಮೆಯಲ್ಲಿ ಊರಿಂದೂರಿಗೆ ಓಲೆ ಓಡಾಡಿತು. ರೈತರು ಕೂಟ ಸೇರಿದರು. ಕಂದಾಯ ಕಟ್ಟುವುದಿಲ್ಲ ಎಂದರು. ಬೂದಿ ಬಸವಪ್ಪ ಎಂಬವನು ನಾಯಕನಾಗಿ ನಿಂತ. ತರೀಕೆರೆಯ ಪಾಳೇಗಾರ ಮನೆತನದ ರಂಗಪ್ಪ ನಾಯಕ ಜೊತೆಗೂಡಿದ. ಭೂಪಟ ತೆಗೆದು ನೋಡಿ: ಒಂದು ಕಡೆ ಚನ್ನಗಿರಿ, ಬಸವಾಪಟ್ಟಣ, ಇನ್ನೊಂದು ಕಡೆ ತರೀಕೆರೆ, ಪಶ್ಚಿಮಕ್ಕೆ ಶಿವಮೊಗ್ಗ, ಅನಂತಪುರ, ನಗರ. ನಡುವೆ ಭದ್ರೆಯ ದಡದಲ್ಲಿ ಹೊಳೆಹೊನ್ನೂರು. ಚರಿತ್ರೆಯ ಪುಸ್ತಕಗಳು ನಗರದ ದಂಗೆ ಎಂದು ಒಂದೆರಡು ಪುಟದಲ್ಲಿ ಮುಗಿಸುವ ಈ ಘಟನೆ ನಮ್ಮ ಸೀಮೆಯ ಬಹುಮುಖ್ಯ ರಾಜಕೀಯ ಘಟನೆ ಎಂದು ನಾನು ತಿಳಿದಿದ್ದೇನೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಬೂದಿ ಬಸವಪ್ಪ ಪ್ರಜಾಪ್ರಭುತ್ವ ಕೇಳಲಿಲ್ಲ. ತಾನು ಕೆಳದಿ ಅರಸರ ವಂಶದವನು, ನಗರದ ಗದ್ದುಗೆ ತನ್ನದು ಎಂದ. ಅಂದರೆ ರೈತರು ಒಬ್ಬ ರಾಜನ ಬದಲು ಇನ್ನೊಬ್ಬ ರಾಜನ ಹಿಂದೆ ಹೋದರು. ನಿಜ. ಆದರೆ ಅವರು ಯಾಕೆ ಹೋದರು ಎಂಬುದನ್ನೂ ನೋಡಬೇಕು. ಬಸವಪ್ಪ ಅವರಿಗೆ ಮಾತು ಕೊಟ್ಟದ್ದು ಬಾಕಿ ಮನ್ನಾ ಮಾಡುತ್ತೇನೆ, ಕಂದಾಯ ಇಳಿಸುತ್ತೇನೆ ಎಂದು. ಕೆಳದಿಯ ಹೆಸರಿಗೆ ಈ ಸೀಮೆಯಲ್ಲಿ ತೂಕ ಬಂದದ್ದು ಹದಿನೇಳನೆಯ ಶತಮಾನದ ಶಿವಪ್ಪನಾಯಕನ ಶಿಸ್ತಿನಿಂದ. ಭೂಮಿಯ ಗುಣ ನೋಡಿ, ಬೆಳೆ ಲೆಕ್ಕ ಹಾಕಿ, ಇಷ್ಟೇ ಕಂದಾಯ ಎಂದು ಗೊತ್ತು ಮಾಡಿದ ವ್ಯವಸ್ಥೆ ಅದು. ರೈತರಿಗೆ ಬೇಕಾಗಿದ್ದದ್ದು ಕಿರೀಟವಲ್ಲ, ಬರೆದಿಟ್ಟ ದರ. ದೊರೆಯ ಮನಸ್ಸಿಗೆ ಬಂದಂತೆ ಏರದ ದರ. ಆ ಕಾಲದ ಭಾಷೆಯಲ್ಲಿ ಅದನ್ನು ಕೇಳಲು ಇನ್ನೊಬ್ಬ ರಾಜನ ಹೆಸರು ಹಿಡಿಯಬೇಕಾಯಿತು, ಅಷ್ಟೆ. ಕೇಳಿದ ರೀತಿಯನ್ನಂತೂ ಮರೆಯುವಂತಿಲ್ಲ: ಕೂಟ ಸೇರಿ, ಮಾತಾಡಿ, ಒಟ್ಟಾಗಿ ಕಂದಾಯ ನಿಲ್ಲಿಸಿ.

1831ರಲ್ಲಿ ಕಂಪನಿಯ ಪಡೆಗಳು ಬಂದು ಬಂಡಾಯವನ್ನು ತುಳಿದವು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಅರಸರಿಂದ ಕಿತ್ತುಕೊಂಡ. 1833ರಲ್ಲಿ ವರದಿ ಕೊಟ್ಟ ವಿಚಾರಣಾ ಸಮಿತಿಯಲ್ಲಿ ಮುಂದೆ ಕಮಿಷನರ್ ಆಗಲಿದ್ದ ಮಾರ್ಕ್ ಕಬ್ಬನ್ ಕೂಡ ಇದ್ದ. ಕಂಪನಿಯ ಉದ್ದೇಶ ಶುದ್ಧವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಪೊಗದಿಯ ಹೊರೆ ಹೊರಿಸಿದ್ದೇ ಕಂಪನಿ. ಆದರೆ ಲೆಕ್ಕ ಕೇಳುವವರಿಲ್ಲದ ಅರಸೊತ್ತಿಗೆ ಮೈಸೂರಿನಲ್ಲಿ ಅಲ್ಲಿಗೆ ಮುಗಿಯಿತು. ಮತ್ತೆ ಅದು ಆ ರೂಪದಲ್ಲಿ ಬರಲೇ ಇಲ್ಲ. ನಮ್ಮ ಹಿರಿಯರು ನೆನೆಯುವ ಮಹಾರಾಜರ ಕಾಲ ಅದಲ್ಲವೇ ಅಲ್ಲ.

ನಂತರದ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಗಟ್ಟಿ ಕೈ ಬೇಕೆನ್ನುವವರ ಕನಸಿಗೆ ತೀರ ಹತ್ತಿರದ ಕಾಲವೆಂದರೆ ಇದೇ. ರಾಜಕಾರಣಿ ಇಲ್ಲ, ಚುನಾವಣೆ ಇಲ್ಲ, ದಕ್ಷ ಅಧಿಕಾರಿಗಳು ಇದ್ದಾರೆ. 1834ರಿಂದ 1861ರವರೆಗೆ ಕಬ್ಬನ್ ಆಳಿದ. ಚಿಲ್ಲರೆ ತೆರಿಗೆ ತೆಗೆದ, ರಸ್ತೆ ಮಾಡಿಸಿದ. ಆಮೇಲೆ ಕಮಿಷನರ್ ಆದ ಬೌರಿಂಗ್ ಕಚೇರಿಗಳನ್ನು ಇಲಾಖೆವಾರು ಅಚ್ಚುಕಟ್ಟು ಮಾಡಿದ. ಒಳ್ಳೆಯ ಕೆಲಸಗಳೇ. ಆದರೆ 1876ರಿಂದ 1878ರವರೆಗೆ ಬರ ಬಂತು. ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆ. ದಫ್ತರ, ರಸ್ತೆ, ರೈಲು, ದಕ್ಷ ಅಧಿಕಾರಿ ಎಲ್ಲ ಇದ್ದೂ ಲಕ್ಷಾಂತರ ಜನ ಹಸಿದು ಸತ್ತರು. ಚುನಾವಣೆಯೂ ಸ್ವತಂತ್ರ ಪತ್ರಿಕೆಯೂ ಇರುವ ದೇಶದಲ್ಲಿ ಇಂಥ ಮಹಾ ಕ್ಷಾಮ ಆಗುವುದಿಲ್ಲ ಎಂದು ಅಮರ್ತ್ಯ ಸೇನ್ ವಾದಿಸುತ್ತಾರೆ. ಹಸಿದವನಿಂದ ಆಳುವವನಿಗೆ ಕುರ್ಚಿ ಹೋಗುವ ಭಯವಿರಬೇಕು ಎಂಬುದು ಅದರ ತಿರುಳು. ಕಮಿಷನರ್ ಸಾಹೇಬನ ಕುರ್ಚಿ ಇದ್ದದ್ದು ಕಲ್ಕತ್ತೆಯ ಕೈಯಲ್ಲಿ, ಹಸಿದವನ ಕೈಯಲ್ಲಲ್ಲ.

ನಾವು ಹೊಗಳುವ ಕಾಲ ಶುರುವಾಗುವುದು 1881ರಲ್ಲಿ. ಆ ವರ್ಷದ ಮಾರ್ಚ್ 25ರಂದು ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗ ಅದು ಕರಾರಿನ ರಾಜ್ಯವಾಗಿತ್ತು. ಅರಮನೆಯ ಖರ್ಚು ಬೇರೆ, ಸಂಸ್ಥಾನದ ಲೆಕ್ಕ ಬೇರೆ. ಕಾನೂನು ಇಷ್ಟ ಬಂದಂತೆ ಬದಲಿಸುವಂತಿಲ್ಲ. ದಿನನಿತ್ಯದ ಆಡಳಿತ ದಿವಾನರದು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಕರೆದರು. ಬಂದವರು 144 ಜನ, ಜಮೀನುದಾರರು ಮತ್ತು ವರ್ತಕರು. ಅಧಿಕಾರ ಎಂಬುದು ಅವರಿಗೆ ಇರಲಿಲ್ಲ. ದಿವಾನರು ವರ್ಷದ ಆದಾಯ ವೆಚ್ಚ ಓದುತ್ತಾರೆ, ಇವರು ಅಹವಾಲು ಹೇಳಬಹುದು. ಇಷ್ಟೇ. ಆದರೂ ಅರ್ಧ ಶತಮಾನದ ಹಿಂದೆ ಅಹವಾಲು ಹೇಳಲು ಕಂದಾಯ ನಿಲ್ಲಿಸಿ ಪ್ರಾಣ ಕೊಡಬೇಕಾಗಿತ್ತು ಎಂಬುದನ್ನು ನೆನೆದರೆ ಆ 'ಇಷ್ಟೇ' ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. 1891ರಲ್ಲಿ ಚುನಾವಣೆಯ ಪದ್ಧತಿ ಬಂತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಕಾಯಿದೆ ಪ್ರತಿನಿಧಿ ಸಭೆಗೆ ಶಾಸನದ ಬಲ ಕೊಟ್ಟಿತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಓಟು ಇದ್ದದ್ದು ಬಹುಮಟ್ಟಿಗೆ ಆಸ್ತಿವಂತರಿಗೆ, ಬಹುಪಾಲು ಜನ ಹೊರಗೇ ಇದ್ದರು ಎಂಬುದನ್ನು ಮುಚ್ಚಿಡುವುದು ಬೇಡ. ಆ ಹೊರಗಿದ್ದವರು ಸುಮ್ಮನೆ ಕೂರಲಿಲ್ಲ. ಹಿಂದುಳಿದ ಜಾತಿಗಳವರು ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿದರು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು ಹಾಗೆ ಕೇಳಿದ್ದರಿಂದ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹುಟ್ಟಿದ್ದು ಈ ಮೈಸೂರಿನಲ್ಲಿ. ಲೆಕ್ಕ ಓದಿ ಹೇಳಬೇಕಾಗಿದ್ದ, ಪತ್ರಿಕೆಗಳು ಬರೆಯುತ್ತಿದ್ದ, ಪ್ರತಿನಿಧಿಗಳು ಪ್ರಶ್ನಿಸುತ್ತಿದ್ದ ಮೈಸೂರಿನಲ್ಲಿ. ಮೊದಲ ವರ್ಷಗಳಲ್ಲಿ ಕಾರ್ಖಾನೆ ನಷ್ಟದಲ್ಲಿ ನಡೆಯಿತು, ಟೀಕೆಯೂ ಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ದಡ ಸೇರಿಸಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ದೊಡ್ಡತನ ತಮ್ಮ ಕೈಗೆ ತಾವೇ ಮಿತಿ ಹಾಕಿಕೊಳ್ಳಲು ಒಪ್ಪಿದ್ದರಲ್ಲಿದೆ. ಅವರನ್ನು ಮೆಚ್ಚಿ ಮಿತಿಯಿಲ್ಲದ ಆಳ್ವಿಕೆ ಬೇಕೆನ್ನುವುದು ಅವರಿಗೆ ಮಾಡುವ ಗೌರವವಲ್ಲ.

ಆ ಒಳ್ಳೆಯ ಅರಸೊತ್ತಿಗೆಗೂ ಒಂದು ಗಡಿ ಇತ್ತು. ಅದನ್ನು ನೋಡಲು ದೂರ ಹೋಗಬೇಕಿಲ್ಲ, ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋದರೆ ಸಾಕು. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ತಮ್ಮ ಊರು ಸ್ವತಂತ್ರವಾಯಿತು ಎಂದು ಸಾರಿದರು. ಹುಡುಗರನ್ನೇ ಅಮಲ್ದಾರ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಎಂದು ಕೂರಿಸಿ ತಮ್ಮದೇ ಸರ್ಕಾರ ನಡೆಸಿದರು. ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಪಡೆಯೊಡನೆ ಬಂದಾಗ ಜಗಳವಾಗಿ ಇಬ್ಬರೂ ಪ್ರಾಣ ಕಳೆದುಕೊಂಡರು. ಆ ಸಾವುಗಳು ದುಃಖದ ಸಂಗತಿ. ಅದನ್ನು ಮರೆತು ಈಸೂರನ್ನು ಹೊಗಳುವುದು ಸರಿಯಲ್ಲ. ಆಮೇಲೆ ಊರಿಗೆ ಊರೇ ಕಾಡು ಸೇರಿತು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಗಲ್ಲಿಗೇರಿಸಿದ್ದು ಬ್ರಿಟಿಷ್ ಇಂಡಿಯಾದ ಸರ್ಕಾರವಲ್ಲ, ಮಹಾರಾಜರ ಸರ್ಕಾರ. ಮಹಾರಾಜರ ಕಾಲ ಚೆನ್ನಾಗಿತ್ತು ಎನ್ನುವ ಮಾತನ್ನು ಈಸೂರಿನಲ್ಲಿ ನಿಂತು ಹೇಳಲು ನಾಲಗೆ ತಡವರಿಸುತ್ತದೆ. ಜನ ಅಹವಾಲು ಹೇಳುವವರೆಗೆ ಆ ಏರ್ಪಾಡು ಕೇಳಿಸಿಕೊಂಡಿತು. ಆಳುವ ಹಕ್ಕು ನಮ್ಮದು ಎಂದಾಗ ಕೇಳಿಸಿಕೊಳ್ಳಲಿಲ್ಲ. ಆ ಹಕ್ಕಿಗಾಗಿ 1947ರ ಮೈಸೂರು ಚಲೋ ಚಳವಳಿ ಆಗಬೇಕಾಯಿತು, ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು.

ಗಟ್ಟಿ ಕೈಯ ಪರವಾಗಿ ಇನ್ನೊಂದು ವಾದವಿದೆ, ಅದು ತುರ್ತುಪರಿಸ್ಥಿತಿಯದು. ಆಗ ಕಚೇರಿಗಳಲ್ಲಿ ಕೆಲಸ ನಡೆಯುತ್ತಿತ್ತು, ಭೂ ಸುಧಾರಣೆಯೂ ಆಗಲೇ ಆಯಿತು ಎನ್ನುತ್ತಾರೆ. ಭೂ ನ್ಯಾಯ ಮಂಡಳಿಗಳು ಆ ವರ್ಷಗಳಲ್ಲಿ ಬಿರುಸಾಗಿ ನಡೆದದ್ದು ಹೌದು. ಆದರೆ ದೇವರಾಜ ಅರಸು ಸರ್ಕಾರದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ತುರ್ತುಪರಿಸ್ಥಿತಿಗೆ ವರ್ಷದ ಮೊದಲೇ, ಚುನಾಯಿತ ವಿಧಾನಮಂಡಲದಲ್ಲಿ ಚರ್ಚೆಯಾಗಿ. ಅದರ ಬೇರು ಇನ್ನೂ ಹಿಂದೆ, 1951ರಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿದೆ. ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ವಿಧಾನಸಭೆಗೆ ನಡೆದುಹೋದವರು. ಗೇಣಿದಾರನ ಕೂಗು ಕಾನೂನಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ತಡವಾಯಿತು ಎಂದು ಕೋಪ ಬರುತ್ತದೆ. ಆದರೆ ಅದನ್ನು ಮಾಡಿಸಿದ್ದು ಕೂಟ, ಓಟು ಮತ್ತು ಸಭೆ. ತುರ್ತುಪರಿಸ್ಥಿತಿ ನಮ್ಮ ರಾಜ್ಯಕ್ಕೆ ಕೊಟ್ಟದ್ದು ತುಂಬಿದ ಸೆರೆಮನೆಗಳನ್ನು. ಬೆಂಗಳೂರಿನ ಜೈಲಿನಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿಯವರ ನೆನಪನ್ನು.

ಸಿಂಗಾಪುರದ ಉದಾಹರಣೆಯನ್ನೂ ಎಲ್ಲರೂ ಕೊಡುತ್ತಾರೆ. ಗಟ್ಟಿ ಕೈ ಹಿಡಿದು ಮೇಲೆದ್ದ ಒಂದು ಊರನ್ನು ತೋರಿಸುವವರು, ಅದೇ ಕೈ ಹಿಡಿದು ಮುಳುಗಿದ ನೆರೆಯ ಬರ್ಮಾವನ್ನು ತೋರಿಸುವುದಿಲ್ಲ. ಒಂದು ಕಾಲಕ್ಕೆ ಲೋಕಕ್ಕೆ ಅಕ್ಕಿ ಕಳಿಸುತ್ತಿದ್ದ ದೇಶ ಅದು. 1962ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಇವತ್ತಿಗೂ ಅದರ ಹಿಡಿತದಿಂದ ಬಿಡಿಸಿಕೊಳ್ಳಲು ಆಗಿಲ್ಲ. ಗಟ್ಟಿ ಮನುಷ್ಯ ಒಳ್ಳೆಯವನಾಗಿಯೇ ಬರುತ್ತಾನೆ ಎಂದು ಯಾರೂ ಬರೆದುಕೊಡುವುದಿಲ್ಲ. ಕೆಟ್ಟವನಾಗಿ ಬಂದರೆ ಕಳಿಸುವ ದಾರಿಯನ್ನು ಅವನೇ ಮುಚ್ಚಿರುತ್ತಾನೆ.

ಇನ್ನು ಇವತ್ತಿನ ಹೊಳೆಹೊನ್ನೂರಿಗೆ ಬರೋಣ. ಜನರ ಬೇಸರ ಸುಳ್ಳಲ್ಲ ಎಂದೆ. ಆ ಬೇಸರದ ಕಾರಣವನ್ನು ಹುಡುಕಿದರೆ ಪ್ರಜಾಪ್ರಭುತ್ವ ಅತಿಯಾದದ್ದು ಕಾಣುವುದಿಲ್ಲ. ಊರು ಸೇರಿರುವುದು ಭದ್ರಾವತಿ ತಾಲ್ಲೂಕಿಗೆ. 2008ರ ಮರುವಿಂಗಡಣೆಯವರೆಗೆ ಹೊಳೆಹೊನ್ನೂರು ಎಂಬ ಹೆಸರಿನದೇ ವಿಧಾನಸಭಾ ಕ್ಷೇತ್ರವಿತ್ತು. ಆಮೇಲೆ ಆ ಹೆಸರು ಅಳಿಸಿಹೋಗಿ ಊರು ಶಿವಮೊಗ್ಗ ಗ್ರಾಮಾಂತರ ಕ್ಷೇತ್ರಕ್ಕೆ ಬಂತು. ತಾಲ್ಲೂಕು ಕಚೇರಿ ಒಂದು ದಿಕ್ಕಿಗೆ, ಶಾಸಕರು ಇನ್ನೊಂದು ದಿಕ್ಕಿಗೆ. ರೈತನ ಪಾಲಿಗೆ ನಿಜವಾದ ಸರ್ಕಾರವೆಂದರೆ ಭದ್ರಾ ಕಾಲುವೆ. ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಗೊತ್ತು ಮಾಡುವುದು ನೀರಾವರಿ ಸಲಹಾ ಸಮಿತಿ. ಅಲ್ಲಿ ಇವನ ಮಾತು ಮುಟ್ಟುವುದು ಬೀದಿಗಿಳಿದಾಗ ಮಾತ್ರ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು ದೆಹಲಿಯಿಂದ. ಗೇಟಿನ ಮುಂದೆ ಧರಣಿ ಕೂತ ಗುತ್ತಿಗೆ ಕಾರ್ಮಿಕರಿಗೆ ಆ ತೀರ್ಮಾನದಲ್ಲಿ ಒಂದು ಓಟೂ ಇರಲಿಲ್ಲ. ಹಾಗಿರುವಾಗ ಕಾರ್ಖಾನೆ ಕೆಟ್ಟದ್ದನ್ನು ಜನರ ಆಳ್ವಿಕೆಯ ತಲೆಗೆ ಕಟ್ಟುವುದು ಹೇಗೆ? ಅಲ್ಲಿ ಜನರ ಆಳ್ವಿಕೆ ನಡೆದೇ ಇರಲಿಲ್ಲ.

ಅಧಿಕಾರ ಹೀಗೆ ಜನರಿಂದ ದೂರವಿರುವುದನ್ನು ಒಮ್ಮೆ ಮಾತ್ರ ಕರ್ನಾಟಕ ತಿರುಗಿಸಲು ನಿಜವಾದ ಪ್ರಯತ್ನ ಮಾಡಿತು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡ ಮನುಷ್ಯ. 1983ರ ಕಾಯಿದೆಯಂತೆ 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲೇ ಇಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಜಿಲ್ಲೆಯ ಶಾಲೆ, ಆಸ್ಪತ್ರೆ, ರಸ್ತೆ, ನೀರು ಚುನಾಯಿತರ ಕೈಗೆ ಬಂದವು. ಮೇಷ್ಟ್ರು ಶಾಲೆಗೆ, ಡಾಕ್ಟರು ಆಸ್ಪತ್ರೆಗೆ ಹೆಚ್ಚು ಸರಿಯಾಗಿ ಬರತೊಡಗಿದರು ಎಂದು ಆ ಪ್ರಯೋಗವನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ದೆಹಲಿಗೋ ಬೆಂಗಳೂರಿಗೋ ಕಾಣದ ಖಾಲಿ ಕುರ್ಚಿ ಮಂಡಲ ಪಂಚಾಯಿತಿ ಸದಸ್ಯನಿಗೆ ಕಾಣುತ್ತದೆ. ಅವನ ಮಗುವೂ ಅದೇ ಶಾಲೆಯಲ್ಲಿರುತ್ತದೆ.

ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. 73ನೇ ತಿದ್ದುಪಡಿ ಬಂದು 1993ರ ಹೊಸ ಕಾಯಿದೆಯಾದ ಮೇಲೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ಮತ್ತೆ ಬಂದವು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಈಗ ಕಟ್ಟುನಿಟ್ಟಾಗಿ ಹೇಳುತ್ತದೆ. ಆದರೂ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಾಗ ಏನಾಯಿತು? ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಮೀಸಲಾತಿ ಪಟ್ಟಿ ಎಂದರು. ಕೋರ್ಟು ಎಂದರು. ಆಗ ಆಳುತ್ತಿದ್ದ ಪಕ್ಷ ಹೋಗಿ 2023ರಲ್ಲಿ ಇನ್ನೊಂದು ಬಂತು. ವರ್ಷಗಳು ಉರುಳಿದವು, ಚುನಾವಣೆ ಬರಲಿಲ್ಲ. ಇಂಥ ನೆಪಗಳಿಗೆ ಚುನಾವಣೆ ನಿಲ್ಲಿಸಬಾರದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತ್ತು. ಆ ಮಾತು ನಮ್ಮ ರಾಜ್ಯಕ್ಕೂ ಅನ್ವಯಿಸುತ್ತದೆ. 2023ರ ಕೊನೆಗೆ ಶಿವಮೊಗ್ಗ ಮಹಾನಗರ ಪಾಲಿಕೆಯ ಅವಧಿಯೂ ಮುಗಿದು ಅಲ್ಲಿಯೂ ಆಡಳಿತಾಧಿಕಾರಿ ಬಂದರು.

ಅಂದರೆ ಗಟ್ಟಿ ಕೈ ಬೇಕು, ಚುನಾವಣೆ ಸಾಕು ಎನ್ನುವವರ ಆಸೆ ನಮ್ಮ ಜಿಲ್ಲೆಯ ಮಟ್ಟದಲ್ಲಿ ಆಗಲೇ ಕೈಗೂಡಿದೆ. ಆರಿಸಿಬಂದ ಸದಸ್ಯರಿಲ್ಲ, ಗಲಾಟೆಯ ಸಭೆಯಿಲ್ಲ, ಕಡತಕ್ಕೆ ಒಬ್ಬ ಅಧಿಕಾರಿಯ ಸಹಿ ಸಾಕು. ಊರಿನ ರಸ್ತೆ ಇದರಿಂದ ನೆಟ್ಟಗಾಯಿತೇ? ಆಸ್ಪತ್ರೆಗೆ ಡಾಕ್ಟರು ಬಂದರೇ? ನಿಮ್ಮ ಅರ್ಜಿ ಬೇಗ ವಿಲೇವಾರಿಯಾಯಿತೇ? ಹೊಳೆಹೊನ್ನೂರಿನವರು, ಕೂಡ್ಲಿಯವರು, ಆನವೇರಿಯವರು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಆ ಆಡಳಿತಾಧಿಕಾರಿಗಳು ಅಪ್ರಾಮಾಣಿಕರು ಎಂದಲ್ಲ. ಅವರಲ್ಲಿ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರ ವರ್ಗಾವಣೆಯ ಆದೇಶ ಹೊರಡುವುದು ಬೆಂಗಳೂರಿನಿಂದ, ಹಾಗಾಗಿ ಅವರ ಕಿವಿಯೂ ಬೆಂಗಳೂರಿನ ಕಡೆಗೇ ಇರುತ್ತದೆ.

ಪಂಚಾಯಿತಿಗಳ ದೋಷ ನನಗೆ ಗೊತ್ತಿಲ್ಲದೆ ಇಲ್ಲ. ಆರಿಸಿಬಂದ ಹೆಂಗಸಿನ ಬದಲು ಗಂಡ ಕುರ್ಚಿಯಲ್ಲಿ ಕೂರುವುದುಂಟು. ಕಾಮಗಾರಿಯ ಗುತ್ತಿಗೆ ಸದಸ್ಯರ ನೆಂಟರಿಗೇ ಹೋಗುವುದುಂಟು. ಜಾತಿ ನೋಡಿ ಮನೆ ಹಂಚುವುದುಂಟು. ಓಟಿಗೆ ದುಡ್ಡು ಹಂಚುವುದಂತೂ ಎಲ್ಲರಿಗೂ ಗೊತ್ತು. ಆದರೆ ಈ ದೋಷಗಳು ನಮಗೆ ಗೊತ್ತಾಗುವುದೇ ಅವು ಕಣ್ಣೆದುರಿಗೆ ನಡೆಯುವುದರಿಂದ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ಆಗುತ್ತದೆ. ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು ಎಂದು ಯಾರು ಬೇಕಾದರೂ ಕೇಳಬಹುದು, ಕಾಮಗಾರಿಯ ಜಾಗಕ್ಕೆ ಹೋಗಿ ಅಳೆದು ನೋಡಬಹುದು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಬೇಕು, ಅಲ್ಲೇ ತಕರಾರು ಮಾಡಬಹುದು. ಶರ್ತಿಯ ಅಮಲ್ದಾರನ ಎದುರು ನಿಂತ ರೈತನಿಗೆ ಇದರಲ್ಲಿ ಒಂದೂ ಇರಲಿಲ್ಲ. ಇಷ್ಟು ದೊಡ್ಡ ಹಕ್ಕು ಕೈಯಲ್ಲಿದ್ದೂ ಗ್ರಾಮಸಭೆಗೆ ಜನ ಸೇರದೆ, ಕೋರಂ ಇಲ್ಲವೆಂದು ಮುಂದೂಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಯಾವ ಪಕ್ಷದವರೇ ನಿಮ್ಮ ಮನೆಗೆ ಬರಲಿ, ರಸ್ತೆ ಮತ್ತು ಚರಂಡಿಯ ಮಾತಿಗೆ ಮೊದಲು ಇದನ್ನು ಕೇಳಿ: ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಇಷ್ಟು ವರ್ಷ ಯಾಕೆ ನಿಲ್ಲಿಸಿದಿರಿ? ಇನ್ನು ಮುಂದೆ ಅವಧಿ ಮುಗಿಯುವ ಮುನ್ನವೇ ಚುನಾವಣೆ ಎಂದು ಮಾತು ಕೊಡುತ್ತೀರಾ? ನಿಮ್ಮ ಊರಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಯ ದಿನಾಂಕ ತಿಳಿದುಕೊಳ್ಳಿ, ಆ ದಿನ ಹೊಲದ ಕೆಲಸ ಅರ್ಧ ದಿನ ಬಿಟ್ಟು ಹೋಗಿ, ಜೊತೆಗೆ ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ಲೆಕ್ಕದ ಪುಸ್ತಕ ತೆಗೆಯಿರಿ ಎಂದು ಎದ್ದು ನಿಂತು ಕೇಳಿ.